ಚಹಾಕ್ಕಿಂತ ಮೊದಲು ಒಂದು ಒಡಪು

ಶಹಾಪುರದ ನಮ್ಮ ಓಣಿಯಲ್ಲಿ ಗಂಡನ ಹೆಸರು ಹೇಳುವುದೆಂದರೆ ಭಾಗಮ್ಮನೇ ಹೇಳಬೇಕು. ಹಾಗೆಂದರೆ ದಿನವೂ ಹೆಸರು ಹಿಡಿದು ಕರೆಯುತ್ತಾಳೆ ಎಂದಲ್ಲ, ಶಿವ ಶಿವಾ! ಆಕೆಯ ವಯಸ್ಸಿನ ಹೆಂಗಸರು ಗಂಡನ ಹೆಸರನ್ನು ಬಾಯಿಗೆ ತರುವುದಿಲ್ಲ. "ಕೇಳ್ರಿಲ್ಲಿ" ಎಂದು ಕೂಗುತ್ತಾರೆ. ಓಣಿಯ ಗಂಡಸರೆಲ್ಲ ತಿರುಗಿ ನೋಡಿದರೂ ಅಡ್ಡಿಯಿಲ್ಲ, ಹೆಸರು ಮಾತ್ರ ಹೊರಬರದು. ಆದರೆ ಮದುವೆ, ಕುಬಸ, ತೊಟ್ಟಿಲು ಎಂದು ಹೆಂಗಸರು ಸೇರಿದಾಗ ಒಡಪು ಕಟ್ಟಿ, ಪ್ರಾಸ ಹಚ್ಚಿ, ಕೊನೆಗೆ ಹೆಸರು ಹೇಳಲೇಬೇಕು. ಹೇಳದಿದ್ದರೆ ಹೊಸ್ತಿಲು ದಾಟಲು ಬಿಡುವುದಿಲ್ಲ.

ಬೇರೆಯವರು ತವರಿನಿಂದ ಕಲಿತು ಬಂದ ಒಂದೇ ಒಡಪನ್ನು ಜನ್ಮವಿಡೀ ಹೇಳುತ್ತಾರೆ. ಭಾಗಮ್ಮ ಹಾಗಲ್ಲ, ಪ್ರತಿಸಲವೂ ಹೊಸದು. ಗಂಡ ಬಸವಲಿಂಗಪ್ಪನವರು ಆಗ ಹೊರಗೆ ಗಂಡಸರ ನಡುವೆ ಕೂತು, ಕೇಳಿಸದವರ ಹಾಗೆ ಮುಖ ಮಾಡಿಕೊಂಡು, ಕಿವಿ ಮಾತ್ರ ಒಳಗಿಟ್ಟಿರುತ್ತಾರೆ. ಮೀಸೆಯ ಕೆಳಗಿನ ನಗು ಎಲ್ಲರಿಗೂ ಕಾಣುತ್ತದೆ.

ನಾನು ಪಕ್ಕದ ಮನೆಯ ಶಾಂಭವಿ, ಕುಪ್ಪಸ ಹೊಲಿಯುವವಳು. ನನ್ನ ಹೊಲಿಗೆ ಯಂತ್ರದ ಮುಂದಿನ ಕಿಟಕಿ ಅವರ ಅಂಗಳಕ್ಕೆ ತೆರೆಯುತ್ತದೆ. ಆ ಮನೆಯ ಸುದ್ದಿ ಅವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಸುಳ್ಳೇನಲ್ಲ.

ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ದಿನದಿಂದ ಭಾಗಮ್ಮನಿಗೆ ಮರ್ಯಾದೆ ಶುರುವಾಯಿತು. ಮಗ ವಿಶ್ವರಾಧ್ಯನಿಗೆ ಬಜಾರದಲ್ಲಿ ಬೀಜದ ಅಂಗಡಿ. ಸೊಸೆ ಮಲ್ಲೇಶ್ವರಿ ಚಿನ್ನದಂಥ ಹೆಂಗಸು. ನಮ್ಮಲ್ಲಿ ಒಳ್ಳೆಯ ಸೊಸೆ ಎಂದರೆ ಅತ್ತೆಯನ್ನು ಕೂರಿಸಿ ಉಣ್ಣಿಸುವವಳು. ಮಲ್ಲೇಶ್ವರಿ ಕೂರಿಸಿದಳು. ಕಣ್ಣು ವಾಸಿಯಾದ ಮೇಲೂ ಏಳಲು ಬಿಡಲಿಲ್ಲ.

"ನೀವ್ ಸುಮ್ನ ಕುಂದರ್ರಿ ಅತ್ತಿ. ಇಷ್ಟ ದಿನ ಮಾಡಿದ್ದು ಸಾಕು."

ರೊಟ್ಟಿ ಬಡಿಯುವುದು ನಿಂತಿತು, ಅಂಗಡಿಯಿಂದ ರೊಟ್ಟಿಯ ಕಟ್ಟು ಬರತೊಡಗಿತು. ಓಣಿಯ ತುದಿಯಲ್ಲಿ ಸೊಪ್ಪು ಮಾರುವ ಮೌಲಾಬಿಯೊಂದಿಗೆ ಮುಂಜಾನೆಯ ಜಗಳವೂ ನಿಂತಿತು, ಯಾಕೆಂದರೆ ವಿಶ್ವರಾಧ್ಯ ಗಾಡಿಯ ಮೇಲೆ ಬರುವಾಗ ಸೊಪ್ಪು ತಂದುಬಿಡುತ್ತಿದ್ದ. ಒಂದು ಕಡ್ಡಿ ಎತ್ತಿ ಈ ಕಡೆಯಿಂದ ಆ ಕಡೆ ಇಡುವ ಹಾಗಿಲ್ಲ. ಆಕೆಗೆ ಉಳಿದದ್ದು ಮಂಚ, ಉಪ್ಪಿನಕಾಯಿ, ಮತ್ತು ಟೀವಿ. ಆ ಟೀವಿಯ ಗದ್ದಲಕ್ಕೆ ನನಗೆ ಸೂಜಿಗೆ ದಾರ ಪೋಣಿಸಲೂ ಆಗುತ್ತಿರಲಿಲ್ಲ.

ಒಂದು ವರ್ಷದಲ್ಲಿ ಆಕೆ ಮೆತ್ತಗಾದಳು. ಮಾತನಾಡಿಸಿದರೆ "ಹ್ಞೂಂ" ಎನ್ನುತ್ತಿದ್ದಳು. ಊಟವಾಯಿತೇ ಎಂದರೂ ಹ್ಞೂಂ, ಆಗಿಲ್ಲವೇ ಎಂದರೂ ಹ್ಞೂಂ. ಅರವತ್ತಕ್ಕೆ ಅರಳು ಮರಳು, ಎಪ್ಪತ್ತು ದಾಟಿದವಳಿಗೆ ಇದ್ದದ್ದೇ ಎಂದು ಜನ ಸುಮ್ಮನಾದರು. ನನಗೆ ಮಾತ್ರ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಗೊತ್ತಿರಲಿಲ್ಲ, ಅದಕ್ಕೆ ಇನ್ನೂ ಸಿಟ್ಟು.

ಆಗ ನಮ್ಮ ಓಣಿಯಲ್ಲೇ ಒಂದು ಕುಬಸ ಬಂತು. ತುಂಬು ಬಸುರಿಗೆ ಹಸಿರು ಬಳೆ ಇಟ್ಟು, ಹಾಡು ಮುಗಿದ ಮೇಲೆ ಒಡಪಿನ ಸರದಿ. ಭಾಗಮ್ಮ ಎದ್ದಳು.

"ತೊಗರಿ ಹೊಲದಾಗ ಹಳದಿ ಹೂವ,
ತುಂಬಿದ ಉಡಿಯಾಗ ಮಲ್ಲಿಗಿ ಹೂವ,
ಅಂಗಿ ಗುಂಡಿ ತಪ್ಪಿ ಹಾಕ್ಕೊಂಡ ಬರೋ ಜೀವ,
ನಮ್ಮ..."

ಅಲ್ಲಿಗೆ ನಿಂತಳು. "ನಮ್ಮ..." ಎಂದಳು ಇನ್ನೊಮ್ಮೆ. ಹೆಂಗಸರು ಚಪ್ಪಾಳೆ ತಟ್ಟಿ ನಕ್ಕರು. "ಮುದುಕಿಗಿ ಈಗ ನಾಚಿಕಿ ಬಂತು ನೋಡ್ರೆವ್ವಾ!" ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಳು. ಹೊರಗೆ ಬಸವಲಿಂಗಪ್ಪನವರೂ ನಾಚಿಕೆಯೆಂದೇ ತಿಳಿದು ಮೀಸೆ ತಿರುವಿಕೊಂಡರು.

ಕೆಲವು ದಿನಗಳ ಮೇಲೆ ಆಕೆ ನನ್ನ ಕಿಟಕಿಯ ಬಳಿ ಬಂದು ಸರಳು ಹಿಡಿದು ನಿಂತಳು.

"ಶಾಂಭವಿ, ಅವತ್ತ ನಾಚಿಕಿ ಅಲ್ಲ. ನಂಗ ಅವರ ಹೆಸರಾ ನೆಪ್ಪ ಆಗಲಿಲ್ಲ."

"ಹಂಗ್ಯಾಕಂತಿ ದೊಡ್ಡವ್ವಾ, ಎಲ್ಲಾರಿಗೂ ಒಮ್ಮೊಮ್ಮೆ ಹಂಗ ಆಗ್ತದ."

"ಬಳಿಚಕ್ರ ಊರಾಗ ನಮ್ಮಕ್ಕಗ ಹಿಂಗಾ ಸುರು ಆಗಿತ್ತು. ಮದ್ಲ ಹೆಸರು ಹೋದ್ವು. ಆಮ್ಯಾಲ ಹೊಟ್ಟಿಲೆ ಹುಟ್ಟಿದ ಮಕ್ಕಳನ್ನ ನೋಡಿ ನೀವ್ ಯಾರ್ರಿ ಅಂದ್ಳು. ನಾ ಸಾಯಾಕ ಅಂಜಂಗಿಲ್ಲ. ಅವರ ಮುಖ ನೋಡಿ ನೀವ್ ಯಾರ್ರಿ ಅನ್ನೂದಕ್ಕ ಅಂಜತೀನಿ."

ಆಕೆ ಅಳಲಿಲ್ಲ, ನಾನೇ ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ನೇರವಾಗಿ ಹೋಗಿ ಮಲ್ಲೇಶ್ವರಿಗೆ ಹೇಳಿದೆ. ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಗುಣ ನನ್ನದಲ್ಲ.

ಯಾದಗಿರಿಯ ಡಾಕ್ಟರರ ಹತ್ತಿರ ಎಲ್ಲರೂ ಹೋದೆವು. ಅವರು ಬಿ.ಪಿ. ನೋಡಿದರು, ರಕ್ತ ತೆಗೆಸಿದರು, ಆಕೆಯಿಂದ ಗಡಿಯಾರದ ಚಿತ್ರ ಬರೆಸಿದರು. ಕಿವಿಯೊಳಗೆ ಬೆಳಕು ಬಿಟ್ಟು ನೋಡಿ ನಕ್ಕರು. ಎರಡೂ ಕಿವಿಯಿಂದ ಬಂದ ಗುಗ್ಗೆಯನ್ನು ನೆನೆದರೆ ನನಗೆ ಈಗಲೂ ಅಚ್ಚರಿ. ಆ "ಹ್ಞೂಂ"ಗಳಲ್ಲಿ ಅರ್ಧ ಅಲ್ಲೇ ಕೂತಿದ್ದವು.

"ದಿನಾ ಮನ್ಯಾಗ ಏನೇನ್ ಮಾಡ್ತಾರ ಅಮ್ಮ?" ಎಂದು ಕೇಳಿದರು.

ವಿಶ್ವರಾಧ್ಯ ಎದೆಯುಬ್ಬಿಸಿ ಹೇಳಿದ. "ಏನೂ ಮಾಡಸಂಗಿಲ್ರಿ ಸರ್. ರಾಣಿ ಹಂಗ ಕುಂದರ್ಸೀವ್ರಿ."

ಡಾಕ್ಟರರು ಕನ್ನಡಕ ತೆಗೆದಿಟ್ಟರು. "ಅದಾ ತಪ್ಪಾಗೇದ ನೋಡ್ರಿ. ಸದ್ಯ ಇದು ಮರುವಿನ ರೋಗ ಅಲ್ಲ. ಮುಂದ ಬರಂಗೇ ಇಲ್ಲ ಅಂತ ಚೀಟಿ ಬರದು ಕೊಡಾಕ ನನ್ ಕಡಿಂದ ಆಗಂಗಿಲ್ಲ. ಆದ್ರ ತಲಿನೂ ಕೈಕಾಲಿನಂಗಾ, ಕೆಲಸಾ ಕೊಟ್ರ ಗಟ್ಟಿ ಇರ್ತದ. ಅಡ್ಡಾಡ್ಲಿ, ನಾಕ್ ಮಂದಿ ಜೋಡಿ ಮಾತಾಡ್ಲಿ, ಉಪ್ಪಿನಕಾಯಿ ಬಿಡ್ಲಿ, ಹೊತ್ತಿಗಿ ಸರಿಯಾಗಿ ಮಲಗ್ಲಿ. ಏನರ ಹೊಸಾದು ಮಾಡ್ಲಿ."

ಮಲ್ಲೇಶ್ವರಿಯ ಕಣ್ಣು ತುಂಬಿದವು. "ಕೆಲಸ ಹಚ್ಚಿದ್ರ ಊರ ಮಂದಿ ಏನಂತಾರ್ರಿ?"

"ಊರ ಮಂದೀನೂ ನನ್ ಕಡಿ ಕಳಸ್ರಿ, ಅವರ ಕಿವೀನೂ ನೋಡ್ತೀನಿ" ಎಂದರು ಡಾಕ್ಟರರು.

ಬಸವಲಿಂಗಪ್ಪನವರು ಮೂಲೆಯಲ್ಲಿ ಕಲ್ಲಾಗಿ ಕೂತಿದ್ದರು. ಹೆಂಡತಿ ಮರೆತದ್ದು ಯಾವ ಹೆಸರು ಎಂಬುದು ಅವರಿಗೆ ಗೊತ್ತಾದದ್ದು ಆ ಕೋಣೆಯಲ್ಲೇ. ಶಹಾಪುರ ಮುಟ್ಟಿ, ಬಸ್ಸಿನಿಂದ ಇಳಿದು ಧೋತರ ಸರಿಮಾಡಿಕೊಳ್ಳುತ್ತ ಹೇಳಿದರು. "ತಪ್ಪು ನಿಂದಲ್ಲ ಭಾಗವ್ವ. ಬಳಸಲಾರದ ತಂಬಗಿ ಕಿಲಬಾಗ್ತದ. ವರ್ಷಕ್ಕ ನಾಕ್ ಸಲ ಅಂದ್ರ ಹೆಸರರ ಹ್ಯಾಂಗ ಉಳದೀತು? ನಾಳಿಂದ ಚಾಕ್ಕಿಂತ ಮದ್ಲ ಒಂದ್ ಒಡಪು, ದಿನಾ ಹೊಸಾದು. ಒಡಪು ಇಲ್ಲಂದ್ರ ನನಗ ಚಾ ಬ್ಯಾಡ."

ಚಹಾವಿಲ್ಲದೆ ಆ ಮನುಷ್ಯನಿಗೆ ಕಣ್ಣು ಬಿಡಲೂ ಆಗುವುದಿಲ್ಲ. ಮೊದಮೊದಲು ಭಾಗಮ್ಮನಿಗೆ ಪ್ರಾಸ ಹೊಂದಲಿಲ್ಲ, ಅವರು ಲೋಟವನ್ನು ಹಿಂದೆ ದೂಡಿದರು. ಹಠ ಎಂದರೆ ಇದು ಎಂದು ನಾನು ಮೆಚ್ಚಿದ್ದೆ. ಆಮೇಲೆ ನೋಡಿದರೆ ಬಜಾರದ ಹೋಟೆಲಿನಲ್ಲಿ ಗೋಡೆಯ ಕಡೆ ಮುಖ ಮಾಡಿ ಬಸಿಗೆ ಚಹಾ ಸುರಿದುಕೊಂಡು ಕುಡಿಯುತ್ತಿದ್ದರು. "ಮನ್ಯಾಗ ಹೇಳಬ್ಯಾಡವ್ವ ಶಾಂಭವಿ" ಎಂದು ನನಗೊಂದು ಚಹಾ ಕುಡಿಸಿದರು. ನಾನು ಕುಡಿದೆ. ಮನೆಗೆ ಬಂದು ಹೇಳಿದೆ.

ಭಾಗಮ್ಮ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ನಕ್ಕಳು. ಮರುದಿನ ಮುಂಜಾನೆ ಕಿಟಕಿಯಲ್ಲಿ ಕೇಳಿಸಿತು.

"ಮನಿ ಚಾ ಬಿಟ್ಟು ಹೋಟ್ಲಕ್ಕ ಓಡಿ,
ಮೀಸಿಗಿ ಹತ್ತೇದ ಹಾಲಿನ ಕೆನಿ ನೋಡಿ,
ನಕ್ಕೇನಿ ಬಸವಲಿಂಗಪ್ಪನ ಕಳ್ಳಾಟ ನೋಡಿ!"

"ನೋಡಿ ಎರಡ್ ಸಲ ಬಂತು, ನಡಿಯಂಗಿಲ್ಲ" ಎಂದರು ಅವರು. ಆದರೂ ಚಹಾ ಕುಡಿದರು.

ಮನೆಯ ತಾಳ ಬದಲಾಯಿತು. ದಂಪತಿಗಳು ನಸುಕಿನಲ್ಲಿ ಗುಡ್ಡದ ಕಡೆ ನಡೆದು ಬರತೊಡಗಿದರು, ಆಕೆ ಮುಂದೆ, ಪ್ರಾಸ ಹುಡುಕುತ್ತ. ಬರುವ ದಾರಿಯಲ್ಲಿ ಮೌಲಾಬಿಯ ಬುಟ್ಟಿ. "ಇದೇನ ಮೆಂತ್ಯಾನ, ದನದ ಮೇವಾ?" ಎಂದು ಈಕೆ, "ಜಗಳಾ ಮಾಡಾಕ ಮಂದಿ ಇಲ್ದ ನಂಗೂ ಬೇಜಾರಾಗಿತ್ತ ಬಾ" ಎಂದು ಆಕೆ. ಅಡುಗೆಮನೆಯಿಂದ ಮತ್ತೆ ರೊಟ್ಟಿ ಬಡಿಯುವ ಸದ್ದು ಬಂತು. ಮಲ್ಲೇಶ್ವರಿ ಬೇಯಿಸುತ್ತಿದ್ದಳು, ಭಾಗಮ್ಮ ಬಡಿಯುತ್ತಿದ್ದಳು. ಟೀವಿಯ ದನಿ ಇಳಿಯಿತು, ಓಣಿಯೇ ಡಾಕ್ಟರರನ್ನು ಹರಸಿತು. ನನ್ನ ಚೂರು ಬಟ್ಟೆಗಳನ್ನು ಕೊಂಡೊಯ್ದು ಭಾಗಮ್ಮ ಕೌದಿ ಹೊಲಿಯಲು ಕಲಿತಳು. ಮೊದಲ ಕೌದಿಯ ನಾಲ್ಕು ಮೂಲೆ ನಾಲ್ಕು ದಿಕ್ಕಿಗಿದ್ದವು, ಎರಡನೆಯದನ್ನು ನಾನೇ ಕೇಳಿ ಇಟ್ಟುಕೊಂಡೆ.

ಹೆಸರು ಒಂದೊಂದು ದಿನ ತಡವಾಗಿ ಬರುತ್ತಿತ್ತು. ಆಗ ಆಕೆಯ ಮುಖ ಬಿಳಿಚಿಕೊಳ್ಳುತ್ತಿತ್ತು. ಬಸವಲಿಂಗಪ್ಪನವರು ನೆನಪು ಮಾಡಿಕೊಡುತ್ತಿರಲಿಲ್ಲ, ಚಹಾ ಆರಿದರೂ ಕಾಯುತ್ತಿದ್ದರು. "ಮನ್ಯಾಗ ಬರ್ತದ, ನಾಕ್ ಮಂದಿ ಮುಂದ ಬಂದ್ರ ಖರೆ" ಎನ್ನುತ್ತಿದ್ದಳು ಆಕೆ.

ನಾಲ್ಕು ಮಂದಿ ಸೇರುವ ದಿನವೂ ಬಂತು. ಸುರಪುರದಲ್ಲಿ ಭಾಗಮ್ಮನ ಮಗಳ ಮಗಳಿಗೆ ಕುಬಸ. ಆಕೆ ವಾರಗಟ್ಟಲೆ ಒಡಪು ಕಟ್ಟಿದಳು, ಕೆಡಿಸಿದಳು, ಮತ್ತೆ ಕಟ್ಟಿದಳು. ನಾನೂ ಜೊತೆಗೆ ಹೋದೆ. ಹಸಿರು ಬಳೆ, ಆರತಿ, ಹಾಡು ಎಲ್ಲ ಆಯಿತು. ಸರದಿ ಬರುತ್ತ ಬರುತ್ತ ಭಾಗಮ್ಮನ ಹತ್ತಿರ ಬಂದಾಗ ಬೀಗಿತ್ತಿ, ಮೊಮ್ಮಗಳ ಅತ್ತೆ, ಅಕ್ಕರೆಯಿಂದ ಹೇಳಿದಳು.

"ಅಮ್ಮಗ ಬ್ಯಾಡ ಬಿಡ್ರೆವ್ವ. ಪಾಪ, ಅವರಿಗಿ ನೆಪ್ಪ ಉಳಿಯಂಗಿಲ್ಲಂತ. ಯಾಕ ತ್ರಾಸ ಕೊಡ್ತೀರಿ? ನೀವು ಕುಂದರ್ರಿ ಅಮ್ಮ."

ಅದೇ ಮಾತು! ಕುಂದರ್ರಿ! ನನ್ನ ನಾಲಿಗೆಯ ತುದಿಗೆ ಏನೇನೋ ಬಂತು. ಭಾಗಮ್ಮ ನನ್ನ ತೊಡೆ ಚಿವುಟಿದಳು. ಸರದಿ ಮುಂದೆ ಹೋಯಿತು. ಆಕೆ ಊಟದಲ್ಲಿ ಹೋಳಿಗೆಯ ತುದಿ ಮಾತ್ರ ಮುರಿದು ಎಲೆಯಲ್ಲೇ ಬಿಟ್ಟಳು. ಹೊರಗೆ ಕೂತಿದ್ದ ಬಸವಲಿಂಗಪ್ಪನವರು ಹೆಸರಿಗಾಗಿ ಕಾದು ಕಾದು, ಕೊನೆಗೆ ಎದ್ದು ಕೈತೊಳೆದರು.

ಸಂಜೆ ಸುರಪುರದ ಬಸ್ ನಿಲ್ದಾಣಕ್ಕೆ ಬೀಗಿತ್ತಿ, ಮಗಳು, ಇನ್ನೂ ಐದಾರು ಹೆಂಗಸರು ಕಳಿಸಲು ಬಂದರು. ಬೀಳ್ಕೊಡುವ ಮಾತು ಮುಗಿಯುವುದೇ ಇಲ್ಲವಲ್ಲ. ಬೇಸರಗೊಂಡಿದ್ದ ಬಸವಲಿಂಗಪ್ಪನವರು ಮುಂದೆ ಹೋಗಿ, ಕನ್ನಡಕವನ್ನು ಕುಬಸದ ಮನೆಯಲ್ಲೇ ಮರೆತು ಬಂದಿದ್ದರಿಂದ, ಸಿಕ್ಕ ಬಸ್ಸು ಹತ್ತಿ ಕೂತರು. ಅದು ಕೆಂಭಾವಿಯ ಬಸ್ಸು. ಕಂಡಕ್ಟರ್ ಸೀಟಿ ಊದಿದ, ಬಸ್ಸು ಚಲಿಸಿತು.

"ಕೇಳ್ರಿಲ್ಲಿ!" ಎಂದು ಭಾಗಮ್ಮ ಕೂಗಿದಳು. ನಿಲ್ದಾಣದಲ್ಲಿದ್ದ ಗಂಡಂದಿರೆಲ್ಲ ತಿರುಗಿ ನೋಡಿದರು, ಬೇಕಾದವರೊಬ್ಬರನ್ನು ಬಿಟ್ಟು. "ಏನ್ರೀ! ಇಲ್ ನೋಡ್ರೀ!" ಬಸ್ಸು ಗೇಟಿನ ಕಡೆ ತಿರುಗಿತು. ಭಾಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು, ದಿನವೂ ಗುಡ್ಡದ ದಾರಿ ತುಳಿದ ಕಾಲು. ಓಡುತ್ತ ಗಂಟಲು ಬಿಟ್ಟು ಕೂಗಿದಳು.

"ಬಸವಲಿಂಗಪ್ಪಾ! ಏ ಬಸವಲಿಂಗಪ್ಪಾ! ಇಳಿಯೋ, ಅದು ಕೆಂಭಾವಿ ಬಸ್ಸೂ!"

ಬಸ್ಸು ನಿಂತಿತು. ಕಿಟಕಿಯಿಂದ ಬಿಳಿ ಮೀಸೆ ಹೊರಬಂತು.

ಹೆಂಗಸರು ಕೆನ್ನೆಯ ಮೇಲೆ ಕೈ ಇಟ್ಟುಕೊಂಡಿದ್ದರು. "ಅಯ್ಯ ನಮ್ಮವ್ವಾ! ಒಡಪಿಲ್ದ ಗಂಡನ ಹೆಸರ ಹಿಡದು ಕರದ್ಳಲ್ಲಾ! ಏಕವಚನದಾಗ!"

ಭಾಗಮ್ಮ ಏದುಸಿರು ಬಿಡುತ್ತ ಕೈಯೆತ್ತಿದಳು. "ತಡೀರಿ, ಒಡಪು ಹಿಂದಿಂದ ಬರಾಕತ್ತೈತಿ."

ಬೀಗಿತ್ತಿಯ ಕಡೆಗೇ ತಿರುಗಿ, ಇಡೀ ನಿಲ್ದಾಣಕ್ಕೆ ಕೇಳುವ ಹಾಗೆ ಹೇಳಿದಳು.

"ಕಣ್ಣಿಗಿ ಚಸ್ಮಾ ಇಲ್ಲ, ಬಸ್ಸಿನ ಬೋರ್ಡು ಕಾಣಲ್ಲ,
ಕುಂದರ್ರಿ ಅಂದ್ರ ಕುಂದ್ರಾಕಿ ನಾ ಅಲ್ಲ,
ಊರ ದಾರಿ ಮರತೋರ ಹೆಸರು ನಾ ಮರತಿಲ್ಲ,
ನಮ್ಮ ಬಸವಲಿಂಗಪ್ಪಗ ನನ್ನ ಬಿಟ್ರ ದಿಕ್ಕಿಲ್ಲ!"

ಕಂಡಕ್ಟರನೂ ಚಪ್ಪಾಳೆ ತಟ್ಟಿದ. ಬೀಗಿತ್ತಿ ಬಂದು ಆಕೆಯ ಕೈ ಹಿಡಿದು, ನಕ್ಕು, ಕಣ್ಣೊರೆಸಿಕೊಂಡಳು. ಬಸವಲಿಂಗಪ್ಪನವರು ಇಳಿದು ಬಂದು ಮದುಮಗನ ಹಾಗೆ ನೆಲ ನೋಡುತ್ತ ನಿಂತರು.

"ಇನ್ನೊಮ್ಮೆ ಅನ್ನು" ಎಂದರು ಮೆಲ್ಲಗೆ.

"ನಾಳಿ ಮುಂಜಾನಿ, ಚಾದ ಮುಂದ" ಎಂದಳು ಆಕೆ.

ಶಹಾಪುರದ ಬಸ್ಸಿನಲ್ಲಿ ಭಾಗಮ್ಮ ನನ್ನ ಪಕ್ಕ ಕೂತಳು. ಆಮೇಲೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು, ರೊಟ್ಟಿ ಬಡಿದು ಬಡಿದು ಮತ್ತೆ ಬಿರುಸಾದ ಕೈ.

"ಶಾಂಭವಿ, ಹೆಸರು ನಾ ಹುಡುಕಲಿಲ್ಲ. ಓಡಾಕತ್ತಿದ್ದೆ, ತಾನಾ ಬಂತು."