ನಾನು ಕೂಗಿದ ವನ್ಸ್ ಮೋರ್

ತಿಪ್ಪಮ್ಮನವರ ಧ್ವನಿ ಹೋದದ್ದು ವಯಸ್ಸಿನಿಂದಲ್ಲ, ನನ್ನಿಂದ. ಹಿರಿಯೂರಿನ ನಮ್ಮ ಬೀದಿಯಲ್ಲಿ ಯಾರನ್ನೇ ಕೇಳಿ — ವಯಸ್ಸು ಅನ್ನುತ್ತಾರೆ, ಹಳ್ಳಿ ಹಳ್ಳಿಯ ಧೂಳು ಅನ್ನುತ್ತಾರೆ, ಪ್ರಶಸ್ತಿ ಬಂದ ದಿನವೇ ಹೋಯಿತಲ್ಲ, ದೃಷ್ಟಿಯೇ ಇರಬೇಕು ಅನ್ನುವವರೂ ಇದ್ದಾರೆ. ನನ್ನ ಹೆಸರನ್ನು ಯಾರೂ ಎತ್ತುವುದಿಲ್ಲ. ನಾನೂ ಎತ್ತಿರಲಿಲ್ಲ.

ಹಾಗಂತ ನಾನು ಬಾಯಿ ಮುಚ್ಚಿಕೊಂಡಿದ್ದೆ ಅಂದುಕೊಳ್ಳಬೇಡಿ. ಆ ದಿನದ ಕತೆಯನ್ನು ಕಾಲೇಜಿನ ಕ್ಯಾಂಟೀನಿನಲ್ಲಿ, ಚಿತ್ರದುರ್ಗದ ಬಸ್ಸಿನಲ್ಲಿ, ಎರಡು ಮದುವೆಗಳಲ್ಲಿ, ಒಂದು ತಿಥಿಯಲ್ಲಿ ಕೂಡ ಹೇಳಿದ್ದೇನೆ, ನಮ್ಮ ಬೀದಿಯಲ್ಲಿ ಮಾತ್ರ ಇಲ್ಲ. ತಿಥಿಯಲ್ಲಿ ಜನ ವಡೆ ಗಂಟಲಿಗೆ ಸಿಕ್ಕಿಸಿಕೊಂಡು ನಕ್ಕರು. ನಾನು ಹಾಗೆಯೇ — ನಮ್ಮ ಮನೆಗೆ ಇಲಿ ಬಂದರೆ ನಾನು ಹೇಳುವ ಹೊತ್ತಿಗೆ ಅದು ಹೆಗ್ಗಣ, ಬೀದಿಯ ತುದಿ ಮುಟ್ಟುವ ಹೊತ್ತಿಗೆ ಜೋಗಿಮಟ್ಟಿ ಕಾಡಿನಿಂದ ಇಳಿದು ಬಂದ ಚಿರತೆ. ಮಂಜ ಬಂದ ಅಂದರೆ ಸಾಕು, ಜನ ನಗಲು ತಯಾರಾಗಿ ಕೂರುತ್ತಾರೆ. ಆದರೆ ಆ ಕತೆಯಲ್ಲಿ ಒಂದು ತುಂಡನ್ನು ನಾನು ಪ್ರತಿ ಸಲ ಬಿಟ್ಟು ಹೇಳಿದ್ದೇನೆ. ಈ ಸಲ ಬಿಡುವುದಿಲ್ಲ. ಹಿಗ್ಗಿಸುವುದೂ ಇಲ್ಲ — ಪ್ರಯತ್ನಿಸುತ್ತೇನೆ.

ತಿಪ್ಪಮ್ಮ ನಮ್ಮ ಬೀದಿಯವರು, ನಾಟಕದ ಪಾತ್ರಧಾರಿ. ನಮ್ಮ ಕಡೆ ಹಳ್ಳಿಯ ಗಂಡಸರೆಲ್ಲ ಸೇರಿ ಪೌರಾಣಿಕ ನಾಟಕ ಕಲಿಯುತ್ತಾರೆ. ರಾಜನ ಪಾತ್ರಕ್ಕೆ, ಮಂತ್ರಿಯ ಪಾತ್ರಕ್ಕೆ, ಕಡೆಗೆ ಬಾಗಿಲು ಕಾಯುವವನ ಪಾತ್ರಕ್ಕೂ ಜಗಳ ಆಗುತ್ತದೆ. ರಾಣಿಯ ಪಾತ್ರಕ್ಕೆ ಮಾತ್ರ ಪೇಟೆಯಿಂದ ಕಲಾವಿದೆಯನ್ನು ಕರೆಸುತ್ತಾರೆ. ಆ ಕಡೆ ತುರುವನೂರು, ಈ ಕಡೆ ಮಾಡದಕೆರೆ — ನಡುವಿನ ಎಲ್ಲ ಊರುಗಳಿಗೂ ರಾಣಿ ತಿಪ್ಪಮ್ಮನೇ. ಪೋಸ್ಟರಿನಲ್ಲಿ ಅವರ ಹೆಸರು ಕುಮಾರಿ ಚಂದ್ರಿಕಾ. ನಾನು ಹುಟ್ಟುವ ಮೊದಲೂ ಕುಮಾರಿ, ಮಗಳು ಸವಿತಕ್ಕನಿಗೆ ಮದುವೆಯಾದಾಗಲೂ ಕುಮಾರಿ, ಮೊಮ್ಮಗ ಶಾಲೆಗೆ ಸೇರಿದ ಮೇಲೂ ಕುಮಾರಿ. ಇದನ್ನು ಹೇಳಿಯೂ ನಾನು ಬಹಳ ನಗಿಸಿದ್ದೇನೆ.

ನಾಟಕ ನೋಡದವರಿಗೆ ಒಂದು ಮಾತು ಹೇಳಬೇಕು. ಹಾಡು ಮುಗಿದ ಮೇಲೆ ಪ್ರೇಕ್ಷಕರು 'ವನ್ಸ್ ಮೋರ್' ಎಂದು ಕೂಗಿದರೆ ಪಾತ್ರಧಾರಿ ಮತ್ತೆ ಹಾಡಲೇಬೇಕು. ಹಾಡದಿದ್ದರೆ ಕೂತವರಿಗೆ ಅವಮಾನ. ಯುದ್ಧದಲ್ಲಿ ಬಾಣ ತಗುಲಿ ಹಾಡುತ್ತಾ ಸತ್ತ ರಾಜಕುಮಾರ ಕೂಡ ವನ್ಸ್ ಮೋರ್ ಬಿದ್ದರೆ ಎದ್ದು ಕೂತು, ಧೂಳು ಕೊಡವಿ, ಪೂರ್ತಿ ಹಾಡಿ, ಮತ್ತೆ ಸಾಯಬೇಕು. ಪಾತ್ರಧಾರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಬೇರೆ ಇಲ್ಲ. ಅದಕ್ಕೆ ಇಲ್ಲ ಅನ್ನುವ ಅಭ್ಯಾಸವೇ ಅವರಿಗಿಲ್ಲ — ಇದು ನನಗೆ ಗೊತ್ತಿತ್ತು.

ಜಿಲ್ಲೆಯ ಕಲಾವಿದರ ಸಂಘದವರು ವರ್ಷಕ್ಕೊಮ್ಮೆ ರಂಗಪ್ರಶಸ್ತಿ ಕೊಡುತ್ತಾರೆ. ಒಂದು ವರ್ಷ ಹೊಳಲ್ಕೆರೆ, ಒಂದು ವರ್ಷ ಹೊಸದುರ್ಗ, ಹೀಗೆ ಸುತ್ತುತ್ತಾ ಆ ವರ್ಷ ಹಿರಿಯೂರಿಗೆ ಬಂದಿತ್ತು; ನಮ್ಮಲ್ಲಿ ಒಂದು ಕಲ್ಯಾಣ ಮಂಟಪದಲ್ಲಿ ಸಮಾರಂಭ. ಪ್ರಶಸ್ತಿ ಪಡೆಯುವವರಲ್ಲಿ ತಿಪ್ಪಮ್ಮನೂ ಒಬ್ಬರು. ಒಂದು ಪ್ರಶಸ್ತಿ, ಒಂದು ಭಾಷಣ, ಒಂದು ರಂಗಗೀತೆ, ಮತ್ತೆ ಭಾಷಣ. ನಾನಾಗ ಹತ್ತನೇ ಕ್ಲಾಸು. ನಡುವೆ ನನ್ನ ಮಿಮಿಕ್ರಿಯೂ ಇತ್ತು. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರು ಎಲ್ಲಕ್ಕಿಂತ ಕೆಳಗೆ, ಇರುವೆ ಗಾತ್ರದ ಅಕ್ಷರದಲ್ಲಿ ಬಂದಿತ್ತು. ನಾನು ಅದನ್ನು ಇಡೀ ಶಾಲೆಗೆ ತೋರಿಸಿ ಬಂದಿದ್ದೆ.

ಮುಖ್ಯ ಅತಿಥಿಗಳು ತಡವಾಗಿ ಬಂದರು. ಬಂದವರು ತಮ್ಮ ಬಾಲ್ಯದಿಂದ ಮಾತು ಶುರು ಮಾಡಿದರು. ಕಾರ್ಯದರ್ಶಿಗಳು ನನ್ನ ಹತ್ತಿರ ಬಂದು ಭುಜ ತಟ್ಟಿದರು. "ಏನಪ್ಪ ಮಂಜ, ಟೈಮ್ ಸಾಲ್ತಿಲ್ಲ. ನಿಂದು ಮುಂದಿನ ವರ್ಷ ಮಾಡಾಣ, ಬೇಜಾರ್ ಮಾಡ್ಕಬ್ಯಾಡ. ಈ ತಟ್ಟೆ ಹಿಡ್ಕ." ಪ್ರಶಸ್ತಿ ಪಡೆದವರಿಗೆ ಹೊದಿಸುವ ಶಾಲುಗಳ ತಟ್ಟೆ. ಸಭೆಯ ಹಿಂದಿನ ಸಾಲಿನಲ್ಲಿ ನನ್ನ ಕ್ಲಾಸಿನ ಹುಡುಗರೆಲ್ಲ ನನಗಾಗಿಯೇ ಬಂದು ಕೂತಿದ್ದಾರೆ, ನಾನು ತಟ್ಟೆ ಹಿಡಿದುಕೊಂಡು ಪರದೆ ಪಕ್ಕ ನಿಂತಿದ್ದೇನೆ.

ನಾನು ಬಿಡುವ ತುಂಡು ಇಲ್ಲಿದೆ.

ತಿಪ್ಪಮ್ಮನವರ ಸರದಿಗೆ ಸ್ವಲ್ಪ ಮುಂಚೆ ಸವಿತಕ್ಕ ನನ್ನನ್ನು ಪಕ್ಕಕ್ಕೆ ಕರೆದಳು. ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. "ಮಂಜ, ನಿಂಗೊಬ್ಬನಿಗೇ ಹೇಳ್ತೀನಿ, ಯಾರ್ಗೂ ಹೇಳಬ್ಯಾಡ. ಅಮ್ಮಗೆ ಗಂಟ್ಲಲ್ಲಿ ಗಂಟು ಐತೆ. ಡಾಕ್ಟ್ರು ಹಾಡಲೇಬ್ಯಾಡ್ರಿ ಅಂದವ್ರೆ. ಪ್ರಶಸ್ತಿ ಇಸ್ಕಂಡು ಮೂಗಿ ತರ ಹೆಂಗೆ ಇಳೀಲಿ ಅಂತ ಒಂದೇ ಹಠ ಇವ್ಳ್ದು. ಒಂದ್ ಸಲ ಹಾಡ್ತಾಳೆ, ಅಷ್ಟೆ. ಮುಗೀತಿದ್ದಂಗೆ ನೀನು ಶಾಲು ತಗಂಡು ಸೀದಾ ಸ್ಟೇಜಿಗೆ ಹೋಗ್ಬಿಡು. ಶಾಲು ಹೊದಿಸಿದ್ಮ್ಯಾಲೆ ಯಾರೂ ವನ್ಸ್ ಮೋರ್ ಅನ್ನಲ್ಲ. ಮಾಡ್ತೀಯೇನೋ?"

"ಆಯ್ತು ಬಿಡಕ್ಕ," ಅಂದೆ.

ತಿಪ್ಪಮ್ಮ ವೇದಿಕೆಗೆ ಹೋದರು. ಕಾಡಿನಲ್ಲಿ ಒಬ್ಬಳೇ ಉಳಿದ ರಾಣಿ ಅಣ್ಣನನ್ನು ಕೂಗಿ ಕರೆಯುವ ಹಾಡು. ಕೊನೆಯ ಸಾಲು ಏರುತ್ತಾ ಏರುತ್ತಾ ಮೇಲೆ ಹೋಗಿ ನಿಲ್ಲಬೇಕು. ನಿಂತಿತು. ಸಭೆಯಲ್ಲಿ ಮಿಕ್ಸ್ಚರ್ ತಿನ್ನುತ್ತಿದ್ದವರೂ ಕೈ ನಿಲ್ಲಿಸಿದರು. ಅದನ್ನು ನಾನು ಪರದೆ ಪಕ್ಕದಿಂದ ಕೇಳಲಿಲ್ಲ. ತಟ್ಟೆಯನ್ನು ಒಂದು ಕುರ್ಚಿಯ ಮೇಲಿಟ್ಟು, ಹಿಂದಿನ ಸಾಲಿಗೆ ಹೋಗಿ ನನ್ನ ಕ್ಲಾಸಿನ ರಫಿಯ ಪಕ್ಕ ಕೂತಿದ್ದೆ.

ಯಾಕೆ ಹೋದೆ — ಗೊತ್ತು, ಹೇಳಿದರೆ ನೆಪ ಹೇಳಿದ ಹಾಗಾಗುತ್ತದೆ. ನನ್ನ ಮಿಮಿಕ್ರಿಗೆ ಇಲ್ಲದ ಟೈಮು ಇವರ ಹಾಡಿಗೆ ಇದೆಯಲ್ಲ ಅನ್ನಿಸಿತು. ಅಷ್ಟು ಸಣ್ಣ ವಿಷಯ.

ಚಪ್ಪಾಳೆ ಬಿತ್ತು. ವೇದಿಕೆಯ ಪಕ್ಕದಲ್ಲಿ ಸವಿತಕ್ಕ ನನ್ನನ್ನು ಹುಡುಕುತ್ತಿರುವುದು ನನಗೆ ಕಾಣಿಸುತ್ತಿತ್ತು. ನಾನು ತಲೆ ತಗ್ಗಿಸಿ, ಗಂಟಲು ಒರಟು ಮಾಡಿ, ಹೊಳಲ್ಕೆರೆ ಕಡೆಯ ಎಲೆಯಡಿಕೆ ಜಗಿಯುವ ಮುದುಕನ ಧ್ವನಿಯಲ್ಲಿ ಕೂಗಿದೆ:

"ವನ್ಸ್ ಮೋರ್ ತಾಯೀ!"

ಹುಡುಗರು ಕಿಸಕ್ಕೆಂದರು. ತಿಪ್ಪಮ್ಮ ಕತ್ತು ನೀಡಿ ಕತ್ತಲಿನತ್ತ ನೋಡಿದರು. ಒಂದು ಕೈ ಗಂಟಲಿಗೆ ಹೋಯಿತು, ಇನ್ನೊಂದು ಕೈ — ನಮಸ್ಕಾರಕ್ಕೆ. ಹಾಡಿದರು. ಎರಡನೇ ಸಲ ಕುಡುಕನ ಧ್ವನಿಯಲ್ಲಿ ಕೂಗಿದೆ. ಈಗ ಮುಂದಿನ ಸಾಲಿನ ಕೆಲವರೂ ನಿಜವಾಗಿಯೇ ಸೇರಿಕೊಂಡರು. ಮತ್ತೆ ಹಾಡಿದರು. ಮೂರನೇ ಸಲ ಮೂಗಿನಲ್ಲಿ ಮಾತಾಡುವ ಗೌಡರ ಧ್ವನಿ. ನನ್ನ ಮಿಮಿಕ್ರಿಗೆಂದು ಅಭ್ಯಾಸ ಮಾಡಿಕೊಂಡಿದ್ದ ಧ್ವನಿಗಳೇ ಇವೆಲ್ಲ. ಕಾರ್ಯದರ್ಶಿಗಳು ನನ್ನ ಕಾರ್ಯಕ್ರಮ ರದ್ದು ಮಾಡಿದ್ದರು, ನಾನು ಅದನ್ನು ನಡೆಸಿಯೇ ಬಿಟ್ಟೆ.

ಮೂರನೇ ಸಲ ಹಾರ್ಮೋನಿಯಂ ಮೇಷ್ಟ್ರು ಹಾಡು ಶುರು ಮಾಡುವ ಮೊದಲು ಶ್ರುತಿ ಇಳಿಸಿದರು, ಸಾಕು ಎಂದು ಕೈಸನ್ನೆಯನ್ನೂ ಮಾಡಿದರು. ಮೈಕು ಹತ್ತಿರವಿತ್ತು; ತಿಪ್ಪಮ್ಮ ಹೇಳಿದ್ದು ಎಲ್ಲರಿಗೂ ಕೇಳಿಸಿತು. "ಇಲ್ಲ ಮೇಷ್ಟ್ರೇ, ಜನ ಕೇಳ್ತಾವ್ರೆ."

ಮುಗಿಸುವಾಗ ಕೆಮ್ಮು ಬಂತು. ರಫಿ ನಗುವುದನ್ನು ನಿಲ್ಲಿಸಿದ. "ಸಾಕು ಬಿಡ್ಲೇ ಮಂಜ. ಆಯಮ್ಮ ನೀರಿಗೆ ಕೈ ಮಾಡ್ತೈತೆ ನೋಡು."

"ಸುಮ್ಕಿರ್ಲೇ. ಮಜಾ ಇರೋದೇ ಈಗ."

ನಾಲ್ಕನೇ ವನ್ಸ್ ಮೋರ್ ಮತ್ತೆ ಆ ಮುದುಕನದೇ. ತಿಪ್ಪಮ್ಮ ಹಾಡಿದರು. ಕೊನೆಯ ಸಾಲು ಏರಿತು, ಏರಿತು — ಆಮೇಲೆ ಬಾಯಿ ತೆರೆದೇ ಇತ್ತು, ಧ್ವನಿ ಇರಲಿಲ್ಲ. ಟೀವಿಯ ಸದ್ದನ್ನು ಯಾರೋ ಆಫ್ ಮಾಡಿದ ಹಾಗೆ. ಮೈಕ್ ಹುಡುಗ ಓಡಿ ಬಂದು ಮೈಕಿಗೆ ಟಕಟಕ ಬಡಿದ; ಹಲೋ ಹಲೋ ಅಂದ. ಮೈಕ್ ಚೆನ್ನಾಗಿಯೇ ಇತ್ತು. ನಾನು ಜೋರಾಗಿ ನಕ್ಕೆ. ಕತೆ ಹೇಳುವಾಗ ಎಲ್ಲರೂ ಬಿದ್ದು ಬಿದ್ದು ನಗುವುದು ಇಲ್ಲಿಯೇ. ಮೈಕ್ ಹುಡುಗನ ಪೆಚ್ಚು ಮುಖವನ್ನು ನಾನು ತುಂಬ ಚೆನ್ನಾಗಿ ಮಾಡುತ್ತೇನೆ.

ಅವರು ಸಭೆಯ ಮೂರೂ ದಿಕ್ಕಿಗೆ ಕೈ ಮುಗಿದರು. ಶಾಲನ್ನು ಬೇರೆ ಯಾರೋ ಹುಡುಕಿ ತಂದು ಹೊದಿಸಿದರು.

ಹೊರಗೆ ಸವಿತಕ್ಕ ನನ್ನ ರಟ್ಟೆ ಹಿಡಿದಳು. "ಎಲ್ಲಿಗ್ ಹೋಗಿದ್ಯೋ?"

"ಒಂದಕ್ಕೆ ಹೋಗಿದ್ದೆ ಅಕ್ಕ."

ನಂಬಿದಳು. ಬೈಯಲಿಲ್ಲ ಕೂಡ. "ಹೋಗ್ಲಿ ಬಿಡು, ನೀನೇನ್ ಮಾಡ್ತೀಯ," ಅಂದಳು.

ಆಪರೇಷನ್ ಆಯಿತು. ಗುಣವಾಗಲಿಲ್ಲ ಎನ್ನುವುದಕ್ಕಿಂತ — ಉಳಿದದ್ದು ಒಂದು ಪಿಸುಮಾತು. ಹಳ್ಳಿಯವರು ಬೇರೆ ರಾಣಿಯನ್ನು ಹುಡುಕಿಕೊಂಡರು. ತಿಪ್ಪಮ್ಮ ಮನೆಯಲ್ಲೇ ಹುಡುಗಿಯರಿಗೆ ರಂಗಗೀತೆ ಹೇಳಿಕೊಡಲು ಶುರು ಮಾಡಿದರು. ಹಾಡಿ ತೋರಿಸಲು ಆಗುವುದಿಲ್ಲ, ಹಾರ್ಮೋನಿಯಂ ನುಡಿಸಿ ತೋರಿಸುತ್ತಾರೆ. ನಾನು ಅವರ ಮನೆಯ ಮುಂದೆ ದಿನಾ ಸೈಕಲ್ಲಿನಲ್ಲಿ ಹೋಗುತ್ತಿದ್ದೆ. ನನ್ನ ಕತೆಯಲ್ಲಿ ನಾಲ್ಕು ವನ್ಸ್ ಮೋರ್ ಐದಾಯಿತು, ಆಮೇಲೆ ಏಳು. ರಫಿ ಮಾತ್ರ ನಾನು ಆ ಕತೆ ತೆಗೆದಾಗಲೆಲ್ಲ ಎದ್ದು ಹೋಗುತ್ತಿದ್ದ. ಅವನಿಗೆ ಹಾಸ್ಯಪ್ರಜ್ಞೆ ಇಲ್ಲ ಎಂದು ಅವನ ಮೇಲೂ ಒಂದು ಜೋಕು ಕಟ್ಟಿದ್ದೆ.

ಈ ವರ್ಷ ಪ್ರಶಸ್ತಿ ಸಮಾರಂಭ ಮತ್ತೆ ನಮ್ಮೂರಿಗೆ ಬಂತು. ಕಾರ್ಯದರ್ಶಿಗಳು ಮಿಮಿಕ್ರಿಗೆ ಕರೆದರು, ಈ ಸಲ ಪೂರ್ತಿ ಅರ್ಧ ಗಂಟೆ. ಹಿರಿಯ ಕಲಾವಿದರಿಗೆ ಆಮಂತ್ರಣ ಹಂಚುವ ಕೆಲಸವನ್ನೂ ಕೊಟ್ಟರು. ಹಾಗೆ ಒಂದು ಮಧ್ಯಾಹ್ನ ನಾನು ತಿಪ್ಪಮ್ಮನವರ ಮನೆಯೊಳಗೆ ಹೋದೆ. ಹಾರ್ಮೋನಿಯಂ ಮುಂದೆ ಇಬ್ಬರು ಹುಡುಗಿಯರು. ಅವರಲ್ಲಿ ಒಬ್ಬಳು ಸೊಟ್ಟ ಮುಖ ಮಾಡಿಕೊಂಡು ವಾದಿಸುತ್ತಿದ್ದಳು.

"ಈಗ್ಯಾರು ವನ್ಸ್ ಮೋರ್ ಅಂತಾರೆ ಅಜ್ಜಿ? ಮೊಬೈಲ್ ಹಿಡ್ಕಂಡು ವಿಡಿಯೋ ಮಾಡ್ತಾರೆ ಅಷ್ಟೆ."

"ಬಾರಪ್ಪ, ಕುಂತ್ಕ," ಎಂದು ನನ್ನ ಕಡೆ ಕೈ ಮಾಡಿದ ತಿಪ್ಪಮ್ಮ ಹುಡುಗಿಯ ಕಡೆ ತಿರುಗಿದರು. ಅವರ ಮಾತು ಕೇಳಬೇಕಾದರೆ ಎಲ್ಲರೂ ಉಸಿರು ಬಿಗಿಹಿಡಿಯಬೇಕು. "ಅಂತಾರೆ ಕಣೇ. ನನ್ ಕೊನೇ ಹಾಡಿಗೆ ಎಂಟು ಸಲ ಅಂದ್ರು. ಹಿಂದ್ಗಡೆ ಒಬ್ರು ಮುದುಕಪ್ಪ ಇದ್ರು, ಹೊಳಲ್ಕೆರೆ ಕಡೇರು. ಅವ್ರೇ ಮೊದ್ಲು ಕೂಗಿದ್ದು. ತಾಯೀ ಅಂದ್ರು ನನ್ನ. ಹಳೇ ಕಾಲ್ದೋರು, ಹಾಡಂದ್ರೆ ಏನು ಅಂತ ಗೊತ್ತಿರೋರು. ಗಂಟ್ಲು ಹೋದ್ರೆ ಹೋಗ್ಲಿ, ಅವ್ರಿಗೆ ಇಲ್ಲ ಅನ್ನಕ್ಕಾಗ್ತದಾ? ಇನ್ನೂ ಬದ್ಕಿದ್ರೆ ಒಂದ್ಸಲ ಹೋಗಿ ಕಾಲು ಮುಟ್ಟಬೇಕು."

ನಾನು ನಾಲ್ಕನ್ನು ಏಳು ಮಾಡಿದ್ದೆ, ಅವರು ಎಂಟು ಮಾಡಿದ್ದರು. ನಾನು ನಗಿಸಲು. ಅವರು — ಅದರ ಮೇಲೆ ಬದುಕಲು.

"ಅದು ನಾನು," ಅಂದೆ. "ಆ ಮುದುಕ ನಾನೇ."

ಹುಡುಗಿಯರು ಹೋ ಎಂದು ನಕ್ಕರು. ತಿಪ್ಪಮ್ಮನೂ ನಕ್ಕರು, ಸದ್ದಿಲ್ಲದೆ, ಭುಜ ಕುಣಿಸಿ. "ಅದ್ರಾಗೂ ನೀನೇ ಏನೋ? ನೋಡ್ರೇ, ಇವ್ನು ಬಿಟ್ರೆ ದುರ್ಗದ ಕೋಟೆ ಕಟ್ಟಿಸಿದ್ದೂ ತಾನೇ ಅಂತಾನೆ."

ಅಲ್ಲಿಗೆ ಬಿಟ್ಟುಬಿಡಬಹುದಿತ್ತು. ಹೇಳಿದೆ, ಅವರು ನಂಬಲಿಲ್ಲ, ನನ್ನದೇನು ತಪ್ಪು — ಎಂದು ಕೈ ತೊಳೆದುಕೊಂಡು ಎದ್ದು ಬರಬಹುದಿತ್ತು. ಬಿಡಬೇಕಿತ್ತೋ ಏನೋ, ಇವತ್ತಿಗೂ ತಿಳಿಯದು. ಆದರೆ ಅವರು ಸಿಗದ ಒಬ್ಬ ಮುದುಕನ ಕಾಲು ಮುಟ್ಟಲು ಕಾಯುತ್ತಿದ್ದರು. ನಾನು ತಲೆ ತಗ್ಗಿಸಿ, ಗಂಟಲು ಒರಟು ಮಾಡಿ ಕೂಗಿದೆ. ಅದೇ ಧ್ವನಿ. ಅದೇ ತಾಯೀ.

ಹುಡುಗಿಯರು ಇನ್ನೂ ನಗುತ್ತಲೇ ಇದ್ದರು. ತಿಪ್ಪಮ್ಮ ನಿಲ್ಲಿಸಿದರು. ಉಳಿದ ಧ್ವನಿಗಳನ್ನೂ ಮಾಡಿ ತೋರಿಸು ಎಂದು ಅವರು ಕೇಳಲಿಲ್ಲ. ನನ್ನ ಮುಖ ನೋಡಿಯೇ ಲೆಕ್ಕ ಹಾಕಿಕೊಂಡರು ಅನ್ನಿಸುತ್ತದೆ. ಶಾಲಿನ ವಿಷಯ, ಸವಿತಕ್ಕ ಹೇಳಿದ್ದು, ನನಗೆ ಗೊತ್ತಿದ್ದದ್ದು — ತಡವರಿಸುತ್ತಾ ಎಲ್ಲ ಹೇಳಿದೆ. ಅಡುಗೆಮನೆ ಬಾಗಿಲಲ್ಲಿ ಸವಿತಕ್ಕ ಕಾಫಿ ಲೋಟ ಹಿಡಿದು ನಿಂತಿದ್ದಳು. ಆ ಲೋಟವನ್ನು ನನಗೆ ಕೊಡಲಿಲ್ಲ. ಒಳಗೆ ಹೋದಳು.

ತಿಪ್ಪಮ್ಮ ಹಾರ್ಮೋನಿಯಂ ಕೀಗಳ ಮೇಲೆ ಬೆರಳಾಡಿಸಿದರು, ಗಾಳಿ ಒತ್ತದೆ. ಆಮೇಲೆ ಒಂದೇ ಮಾತು.

"ಚೆನ್ನಾಗಿ ಮಾಡ್ತೀಯ."

ವ್ಯಂಗ್ಯ ಇರಲಿಲ್ಲ ಅದರಲ್ಲಿ. ಒಬ್ಬ ಪಾತ್ರಧಾರಿ ಇನ್ನೊಬ್ಬ ಪಾತ್ರಧಾರಿಗೆ ಹೇಳುವ ಹಾಗೆ ಹೇಳಿದರು. ಅದಕ್ಕಿಂತ ಅವರು ನನ್ನ ಕೆನ್ನೆಗೆ ಹೊಡೆದಿದ್ದರೆ — ಇರಲಿ. ನಾನು ಅವರ ಕಾಲಿಗೆ ಬಗ್ಗಿದೆ; ಅವರು ಕಾಲು ಹಿಂದಕ್ಕೆ ಎಳೆದುಕೊಂಡು ಆಮಂತ್ರಣ ಪತ್ರಿಕೆಯನ್ನು ನನ್ನ ಕೈಗೇ ವಾಪಸ್ ಇಟ್ಟರು. "ನಾನು ಬರಲ್ಲ ಅಂತ ಹೇಳಪ್ಪ ಅವ್ರಿಗೆ." ಹುಡುಗಿಯರಿಗೆ ಅಂದರು, "ಮೊದ್ಲಿಂದ ಹಾಡ್ರೇ."

ಈಗ ಅವರು ಯಾರಿಗೂ ಎಂಟು ಸಲದ ಕತೆ ಹೇಳುವುದಿಲ್ಲವಂತೆ. ಅವತ್ತು ವಾದಿಸುತ್ತಿದ್ದ ಹುಡುಗಿ ಹೇಳಿದಳು. ಧ್ವನಿ ಹೋದ ಮೇಲೆ ಅವರ ಹತ್ತಿರ ಉಳಿದಿದ್ದದ್ದು ಆ ಕತೆ ಒಂದೇ, ಅದನ್ನೂ ತೆಗೆದುಕೊಂಡವನು ನಾನು. ನಿಜ ಹೇಳಿ ಒಳ್ಳೆಯವನಾದೆ ಎಂದು ನಾನೆಲ್ಲೂ ಹೇಳಿಕೊಳ್ಳುವ ಹಾಗಿಲ್ಲ.

ತಿಪ್ಪಮ್ಮನವರ ಮನೆಯಿಂದ ಅವತ್ತೇ ಸೀದಾ ಸಂಘದ ಕಚೇರಿಗೆ ಹೋಗಿ ಪತ್ರಿಕೆ ಮೇಜಿನ ಮೇಲಿಟ್ಟಿದ್ದೆ. ತಿಪ್ಪಮ್ಮ ಬರುವುದಿಲ್ಲ, ನನ್ನ ಮಿಮಿಕ್ರಿಯೂ ಇರುವುದಿಲ್ಲ ಅಂದೆ.

"ಯಾಕಪ್ಪಾ? ಏನಾಯ್ತು?" ಅಂದರು ಕಾರ್ಯದರ್ಶಿಗಳು.

ಹೇಳಲು ಶುರು ಮಾಡಿದೆ. ಅವರು ಮೊದಲು ನಕ್ಕರು — ನಾನು ಬಾಯಿ ತೆರೆದರೆ ನಗುವುದು ಅವರಿಗೆ ರೂಢಿ. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ, ನಿಂತುಕೊಂಡೇ ಪೂರ್ತಿ ಹೇಳಿದೆ.