ವೇಣಿಯ ಅವಲಕ್ಕಿ ಸರ

ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಡೈ ಮಾಡುವ ದಾಸಪ್ಪನಿಗೆ ಯಾವುದೇ ವಸ್ತುವನ್ನು ಒಂದೇ ಒಂದು ಮಾಡಿಕೊಡು ಅಂದರೆ ಕೈ ಓಡುತ್ತಿರಲಿಲ್ಲ. ಸಾವಿರ ಬೇಕು ಅಂದರೆ ಮುಖ ಅರಳುತ್ತಿತ್ತು. ಡೈ ಅಂದರೆ ಉಕ್ಕಿನ ಅಚ್ಚು. ಒಮ್ಮೆ ಕೊರೆದು ಪ್ರೆಸ್ಸಿಗೆ ಕಟ್ಟಿದರೆ ತಗಡು ಒಂದೇ ಏಟಿಗೆ ಬೇಕಾದ ಆಕಾರಕ್ಕೆ ಬಂದು ಬೀಳುತ್ತದೆ, ಮೊದಲನೆಯದಕ್ಕೂ ಕೊನೆಯದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರುವುದಿಲ್ಲ. ಮಾಗಡಿ ಕಡೆಯಿಂದ ಐಟಿಐ ಮುಗಿಸಿ ಬಂದವನು ಈ ಕೆಲಸದಲ್ಲೇ ತಲೆ ನರೆಸಿಕೊಂಡಿದ್ದ. ಚಕ್ಕುಲಿ ಒರಳಿನ ಬಿಲ್ಲೆ ಕಳೆದುಹೋಯಿತೆಂದು ಹೆಂಡತಿ ವೇಣಿ ಹೇಳಿದ್ದಕ್ಕೆ ಈ ಪುಣ್ಯಾತ್ಮ ಅಚ್ಚು ಮಾಡಿ, ಬಿಲ್ಲೆಗಳನ್ನು ಡಬ್ಬಿ ತುಂಬ ತಂದಿಟ್ಟ. ಲಗ್ಗೆರೆಯ ಅವರ ಬೀದಿಗೆಲ್ಲ ಹಂಚಿದರೂ ಮುಗಿಯಲಿಲ್ಲ. ಇಂಥವನ ಜೊತೆ ಸಂಸಾರ ಮಾಡಲು ತಾಳ್ಮೆಗಿಂತ ನಗು ಹೆಚ್ಚು ಬೇಕು. ವೇಣಿಯಲ್ಲಿ ಅದು ಧಾರಾಳವಾಗಿತ್ತು.

ಅವಳಿಗಿದ್ದ ದೊಡ್ಡ ಆಸೆ ಅಂದರೆ ಅಜ್ಜಿಯ ಅವಲಕ್ಕಿ ಸರ. ಚಿನ್ನವನ್ನು ಅವಲಕ್ಕಿಯ ಹಾಗೆ ತೆಳ್ಳಗೆ ತಟ್ಟಿ, ಆ ಎಸಳುಗಳನ್ನು ಒತ್ತೊತ್ತಾಗಿ ಪೋಣಿಸಿದ ಹಳೇ ಕಾಲದ ಸರ ಅದು. ಅಜ್ಜಿ ಹೊಲಕ್ಕೆ ಹೋಗುವಾಗ ಅದನ್ನು ಕುಪ್ಪಸದೊಳಗೆ ಸೇರಿಸಿಕೊಳ್ಳುತ್ತಿದ್ದಳು, ಮದುವೆ ಮನೆಗೆ ಕಾಲಿಡುವ ಮುಂಚೆ ಸೆರಗಿನ ಮೇಲೆ ಎಳೆದು ಬಿಡುತ್ತಿದ್ದಳು. ಮನೆಯಲ್ಲಿ ಯಾವ ಹೆಣ್ಣಿಗೆ ಸೀಮಂತವಾದರೂ ಅವತ್ತು ಸರ ಅವಳ ಕೊರಳಿಗೆ. ಅಜ್ಜಿ ಹೋದ ಮೇಲೆ ಮೂವರು ಹೆಣ್ಣುಮಕ್ಕಳು ಜಗಳ ಬೇಡವೆಂದು ಎಸಳುಗಳನ್ನು ಹಂಚಿಕೊಂಡರು. ಬಿಡಿ ಎಸಳನ್ನು ಯಾರು ಹಾಕಿಕೊಳ್ಳುತ್ತಾರೆ? ಎಲ್ಲ ಕರಗಿ ಓಲೆ ಉಂಗುರಗಳಾದವು. ಹೊಸ ಡಿಸೈನಿನ ಹುಚ್ಚಿಗೆ ಎಷ್ಟು ಮನೆಗಳ ಸರಗಳು ಹೀಗೆ ಮಾಯವಾದವೋ, ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ವೇಣಿಗೆ ಉಳಿದದ್ದು ಒಂದು ಸ್ಟುಡಿಯೋ ಫೋಟೋ. ಅದರಲ್ಲಿ ಅಜ್ಜಿಯ ಮುಖಕ್ಕಿಂತ ಸರವೇ ಚೆನ್ನಾಗಿ ಬಂದಿತ್ತು.

2009ರಲ್ಲಿ ಅವಳ ತಂಗಿಯ ಮಗಳಿಗೆ ಮದುವೆ ಗೊತ್ತಾಯಿತು.

"ಚಿನ್ನದ್ದೇ ಆಗ್ಬೇಕು ಅಂತಿಲ್ಲ ಕಣ್ರೀ, ಹಿತ್ತಾಳೆದಾದ್ರೂ ಸರಿ. ಅಂಥದ್ದೊಂದು ಹಾಕ್ಕೊಂಡು ಹೋದ್ರೆ ನಮ್ಮಜ್ಜಿನೇ ಮದುವೆಗೆ ಬಂದಂಗಿರುತ್ತೆ" ಎಂದಳು ವೇಣಿ.

ಆ ವರ್ಷ ಪೀಣ್ಯದಲ್ಲಿ ಆರ್ಡರುಗಳಿಲ್ಲದೆ ಮೆಷಿನ್ನುಗಳು ತೂಕಡಿಸುತ್ತಿದ್ದವು. ದಾಸಪ್ಪ ಫೋಟೋವನ್ನು ಭೂತಗನ್ನಡಿಯಲ್ಲಿ ನೋಡಿ ನೋಡಿ ಎಸಳಿನ ಡೈ ಕೊರೆದ. ಹಿತ್ತಾಳೆ ಎಸಳುಗಳನ್ನು ಒತ್ತಿ, ಪಕ್ಕದ ಶೆಡ್ಡಿನಲ್ಲಿ ಚಿನ್ನದ ಕವರಿಂಗ್ ಹಾಕಿಸಿ, ಪೋಣಿಸಿ ತಂದುಕೊಟ್ಟ. ವೇಣಿ ಅದನ್ನು ಹಾಕಿಕೊಂಡು ಕನ್ನಡಿ ಮುಂದೆ ನಿಂತವಳು ಅತ್ತೇಬಿಟ್ಟಳು. ದಾಸಪ್ಪನಿಗೆ ಆಕಾಶಕ್ಕೆ ಮೂರೇ ಗೇಣು.

ಇಲ್ಲಿಗೆ ನಿಂತಿದ್ದರೆ ಕಥೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಶೆಡ್ಡಿನ ಮಾಲೀಕ ಮುನಿರಾಜು ಆ ಡೈ ನೋಡಿದರು.

"ಪ್ರೆಸ್ ಸುಮ್ನೆ ನಿಂತೈತಲ್ಲ ದಾಸಪ್ಪ, ಓಡಿಸೋಣ್ವಾ?"

"ಲಕ್ಷ ಏಟು ತಡೆಯುತ್ತೆ ಸಾರ್" ಎಂದ ದಾಸಪ್ಪ. ತನ್ನ ಡೈ ಓಡುತ್ತದೆ ಅನ್ನುವ ಖುಷಿಯಲ್ಲಿ ವೇಣಿಯನ್ನು ಒಂದು ಮಾತು ಕೇಳಬೇಕು ಅನ್ನುವುದು ಅವನಿಗೆ ಹೊಳೆಯಲೇ ಇಲ್ಲ. ಗಂಡಸರ ಬುದ್ಧಿ.

ಬಾಗಲಗುಂಟೆಯ ಛತ್ರದಲ್ಲಿ ಮದುವೆ. ಬಾಗಿಲಲ್ಲಿ ಪನ್ನೀರು ಎರಚುತ್ತಿದ್ದ ಹುಡುಗಿಯ ಕೊರಳಲ್ಲಿ ಅವಲಕ್ಕಿ ಸರ. ಗಂಡಿನ ಸೋದರತ್ತೆಯ ಕೊರಳಲ್ಲಿ ಅದೇ. ಪಕ್ಕದ ಮನೆಯ ಶೈಲಾ ಕೂಡ ಫ್ಯಾನ್ಸಿ ಸ್ಟೋರಿನಲ್ಲಿ ಕೊಂಡು ಹಾಕಿಕೊಂಡು ಬಂದಿದ್ದಳು. ದಾಸಪ್ಪನ ಎದೆ ಉಬ್ಬಿತು.

"ಎಲ್ಲ ನಂದೇ ಡೈ ಕಣೇ, ಎಷ್ಟು ನೀಟಾಗಿ ಬಂದಿದೆ ನೋಡಿದ್ಯಾ?" ಎನ್ನುತ್ತಾ ಹೆಂಡತಿಯ ಕಡೆ ತಿರುಗಿದ. ವೇಣಿ ಮೆಲ್ಲಗೆ ತನ್ನ ಸರವನ್ನು ಕುಪ್ಪಸದೊಳಗೆ ಸೇರಿಸಿಕೊಂಡಳು. ಊಟದ ಪಂಕ್ತಿಯಲ್ಲೂ ಅದನ್ನು ಹೊರಗೆ ತೆಗೆಯಲಿಲ್ಲ.

ಮಾರನೇ ದಿನ ಶೈಲಾಳ ಸರವನ್ನು ಕೇಳಿ ತಂದು, ತನ್ನದರ ಜೊತೆ ಗಂಡನ ಮುಂದೆ ಇಟ್ಟಳು.

"ಇದ್ರಲ್ಲಿ ನಂದ್ಯಾವ್ದು ಹೇಳಿ ನೋಡಣ."

ದಾಸಪ್ಪ ಕನ್ನಡಕ ಏರಿಸಿ ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದ. ಒಂದೂ ತಪ್ಪಿಲ್ಲದ ಕೆಲಸ. ಗುರುತು ಸಿಗಲಿಲ್ಲ.

"ನಂಗೇ ಅಂತ ಒಂದು ಬೇಕಿತ್ತು ಕಣ್ರೀ" ಎಂದಳು ವೇಣಿ. ಅವಳು ಕೂಗಾಡಿದ್ದರೆ ಅವನಿಗೆ ಇಷ್ಟು ನೋಯುತ್ತಿರಲಿಲ್ಲ.

ಮಾರಿದ ಸರಗಳನ್ನು ಊರಿನ ಕೊರಳುಗಳಿಂದ ವಾಪಸ್ ಕೇಳುವುದಕ್ಕಾಗುತ್ತದೆಯೇ? ದಾಸಪ್ಪ ಭಾನುವಾರಗಳಂದು ಮನೆಯ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕೂತ. ಡೈ ಇಲ್ಲ, ಪ್ರೆಸ್ ಇಲ್ಲ, ಒಂದು ಸುತ್ತಿಗೆ, ಅಂಚು ಉಜ್ಜಲು ಒಂದು ಅರ, ಹಿತ್ತಾಳೆ ಚೂರುಗಳು. ಒಂದು ಎಸಳು ದಪ್ಪವಾಯಿತು, ಇನ್ನೊಂದು ಸೊಟ್ಟಗಾಯಿತು, ಮತ್ತೊಂದು ಸುತ್ತಿಗೆ ಜಾರಿ ಅಂಚಿನಲ್ಲಿ ಸೀಳಿತು. ಹೆಬ್ಬೆರಳು ಊದಿಕೊಂಡಿತು. ಇಂಥ ಮಾಲನ್ನು ಶೆಡ್ಡಿನಲ್ಲಿ ಯಾರಾದರೂ ಮಾಡಿದ್ದರೆ ಅವನೇ ಬೈದು ಗುಜರಿಗೆ ಎಸೆಯುತ್ತಿದ್ದ. ಸೊಟ್ಟಗಿದ್ದದ್ದನ್ನು ನಿಜವಾಗಿಯೂ ಎಸೆಯಲು ಹೋದಾಗ ವೇಣಿ ಕೈ ಹಿಡಿದಳು.

"ಬಿಸಾಕ್ಬೇಡಿ. ಅದು ಮಧ್ಯದಲ್ಲಿರ್ಲಿ."

ಗೌರಿ ಹಬ್ಬಕ್ಕೆ ಸರ ಮುಗಿಯಿತು. ಬಾಗಿನ ಕೊಡಲು ವೇಣಿ ಅದನ್ನು ಸೆರಗಿನ ಮೇಲೆ ಬಿಟ್ಟುಕೊಂಡೇ ಪಕ್ಕದ ಮನೆಗೆ ಹೋದಳು. ಪಕ್ಕದಲ್ಲೇ ತಟ್ಟೆ ಹಿಡಿದುಕೊಂಡು ಹೋದ ದಾಸಪ್ಪನ ಕಣ್ಣು ಆ ಸೊಟ್ಟ ಎಸಳು ಬಿಟ್ಟು ಕದಲಲಿಲ್ಲ. ನಾಚಿಕೆಯಿಂದ ಬಾಗಿಲ ಹೊರಗೇ ನಿಂತ. ಒಳಗೆ ಶೈಲಾ ವೇಣಿಯ ಕೊರಳಲ್ಲಿದ್ದ ಸರವನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದಳು.

"ಅಕ್ಕಾ, ಇದು ಬೇರೆ ಥರಾನೇ ಐತೆ. ಅಣ್ಣಾ, ನಂಗೂ ಇಂಥದ್ದೊಂದು ಮಾಡಿಕೊಡ್ತೀರಾ?"

ವೇಣಿ ಬಾಗಿಲಾಚೆ ನಿಂತಿದ್ದ ಗಂಡನ ಮುಖ ನೋಡಿದಳು. ಒಮ್ಮೆ ಮಾಡಿದ್ದನ್ನು ಮತ್ತೆ ಮಾಡುವುದಿಲ್ಲ ಎಂದು ಜೀವಮಾನದಲ್ಲಿ ಯಾರಿಗೂ ಹೇಳದ ಮನುಷ್ಯ ಊದಿದ ಹೆಬ್ಬೆರಳನ್ನು ನೋಡಿಕೊಂಡ.

"ಇಲ್ಲ ಕಣಮ್ಮ" ಎಂದ. "ಇದೇ ಥರ ಇನ್ನೊಂದು ಮಾಡು ಅಂದ್ರೆ ನನ್ನ ಕೈಲೂ ಆಗಲ್ಲ."

ವೇಣಿ ನಕ್ಕಳು. ನಗುತ್ತಲೇ ಸೊಟ್ಟ ಎಸಳನ್ನು ಎಲ್ಲರಿಗೂ ಕಾಣುವ ಹಾಗೆ ಮುಂದಕ್ಕೆ ಸರಿಸಿಕೊಂಡಳು.