ಒಂದು ಅಂದರೆ ಯಾವುದು

ಮದರಾಸಿನ ತ್ರಿಪ್ಲಿಕೇನಿನಲ್ಲಿ ಮದುವೆಮನೆಗಳಿಗೆ ಮೈಕ್‌ಸೆಟ್ಟು, ಗ್ರಾಮಫೋನು, ಹಾಡಿನ ಪ್ಲೇಟು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೆ. ಪ್ಲೇಟು ಒರೆಸಬೇಕು, ಕಾಗದದ ಚೀಲಕ್ಕೆ ಹಾಕಬೇಕು, ಕೇಳಿದಾಗ ತೆಗೆದುಕೊಡಬೇಕು. ಯಜಮಾನರು ಉಡುಪಿ ಕಡೆಯವರು, ನಮ್ಮೂರಿಗೆ ಹತ್ತಿರ. ನಾನು ಕನ್ನಡವನ್ನೇ ಕೂಡಿಸಿ ಕೂಡಿಸಿ ಓದುವವಳು. ಲೇಬಲ್ಲಿನ ಇಂಗ್ಲಿಷು, ತಮಿಳು ಬರುತ್ತಿರಲಿಲ್ಲ. ಅಂಕಿ ಬರುತ್ತಿತ್ತು, ಅದು ಸಾಕಿತ್ತು.

ಒಂದೇ ಹೆಸರಿನ ಪ್ಲೇಟುಗಳು ಬೇಕಾದಷ್ಟಿದ್ದವು. ಒಂದು ಕೀರ್ತನೆಯನ್ನು ನಾಲ್ಕು ಜನ ಹಾಡಿರುತ್ತಾರೆ. ಲೇಬಲ್ಲಿನ ನಂಬರು ನೋಡಿದರಾಯಿತು. ಕಷ್ಟದ್ದು ಒಂದು ದೇವರನಾಮ ಮಾತ್ರ. ಹೆಸರು, ಹಾಡಿದವರು, ಬಣ್ಣ, ನಂಬರು ಎಲ್ಲ ಒಂದೇ. ಹಾಡಿದ್ದು ಎರಡು ಸಲ. ಗೆರೆಗಳು ಮುಗಿದು ಲೇಬಲ್ಲು ಶುರುವಾಗುವ ಮುಂಚೆ ನುಣ್ಣಗಿನ ಜಾಗ ಇರುತ್ತದಲ್ಲ, ಅದನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಸಣ್ಣ ಅಂಕಿಗಳು ಕಾಣುತ್ತವೆ. ಅವುಗಳ ಕೊನೆಯಲ್ಲಿ ಮೊದಲ ಸಲದ್ದಕ್ಕೆ ಒಂದು, ಎರಡನೆಯ ಸಲದ್ದಕ್ಕೆ ಎರಡು. ನಾನು ಅವನ್ನು 'ಒಂದು', 'ಎರಡು' ಎಂದೇ ಕರೆಯುತ್ತಿದ್ದೆ.

'ಒಂದು' ಹಾಕಿದರೆ ಚರಣದ ನಡುವೆ ಕೆಮ್ಮು ಕೇಳುತ್ತದೆ. ಕೆಮ್ಮಿದ್ದು ನನ್ನ ಗಂಡ. ಮೃದಂಗ ನುಡಿಸುತ್ತಿದ್ದರು. ಪ್ಲೇಟು ಅಂಗಡಿಗಳಿಗೆ ಬಂದ ಮೇಲೆ ಕಂಪನಿಯವರಿಗೆ ಗೊತ್ತಾಯಿತು. ಬೇರೆಯವರನ್ನು ಕೂರಿಸಿ 'ಎರಡು' ಮಾಡಿಸಿದರು, ಇವರನ್ನು ಮತ್ತೆ ಕರೆಯಲಿಲ್ಲ. ಮುಂದಿನ ವರ್ಷ ತೀರಿಕೊಂಡರು. ಒಂದು ಫೋಟೋ ಕೂಡ ತೆಗೆಸಿರಲಿಲ್ಲ. ಲೇಬಲ್ಲಿನಲ್ಲಿ ಹೆಸರಿಲ್ಲ. ಅವರದೆಂದು ಉಳಿದದ್ದು ಆ ಪ್ಲೇಟು ಮಾತ್ರ. ಯಜಮಾನರಿಗೆ ನಾನು ಇದನ್ನು ಹೇಳಿರಲಿಲ್ಲ.

ಬಹಳ ಹೊತ್ತು ಹಾಡುವ ದೊಡ್ಡ ಪ್ಲೇಟು ಬಂದ ಮೇಲೆ ಕಪಾಟಿನಲ್ಲಿ ಹಳೆಯದಕ್ಕೆ ಜಾಗವಿಲ್ಲದಾಯಿತು. ಒಡೆದು ಕರಗಿಸಲು ಕೊಂಡುಹೋಗುವವನನ್ನು ಯಜಮಾನರು ಕರೆಸಿದರು.

"ಆ ದೇವರನಾಮ ಹತ್ತು ಉಂಟಲ್ಲ, ಒಂದು ಇಟ್ಕೊ. ಬಾಕಿ ಅವನಿಗೆ ಹಾಕು. ಸೀಕ್ರಂ, ಬೇಗ!"

"ಒಂದು ಇಟ್ಕೊಳ್ಳುದಾ?"

"ಒಂದು ಅಂದ್ರೆ ಒಂದು, ಮಾರಾಯ್ತಿ. ಕಿವಿ ಕೇಳುದಿಲ್ವಾ?"

ಕೇಳಿಸಿತು. 'ಒಂದು' ನಾಲ್ಕಿದ್ದವು, ಇಟ್ಟುಕೊಂಡೆ. 'ಎರಡು' ಆರಿದ್ದವು, ಹಾಕಿದೆ. ಅವನು ಅಲ್ಲೇ ಮೆಟ್ಟಿಲಿಗೆ ಬಡಿದು ಒಡೆದ.

ಅದೇ ವಾರ ಮೈಲಾಪೂರಿನ ಮದುವೆಯವರು ಆ ಹಾಡು ಬೇಕೆಂದರು. ಯಜಮಾನರು ಒಂದು ಪ್ಲೇಟು ಹಾಕಿ ನೋಡಿದರು, ಕೆಮ್ಮು. ಉಳಿದ ಮೂರೂ ಹಾಕಿದರು, ಕೆಮ್ಮು.

"ನಾಲ್ಕೂ ಇದೇ! ಇದು ಹಾಡಾ, ಧರ್ಮಾಸ್ಪತ್ರೆಯಾ? ಒಳ್ಳೇದು ಎಲ್ಲಿ?"

"ನೀವೇ ಒಂದು ಇಟ್ಕೊ ಅಂದ್ರಿ."

"ನಾ ಹೇಳಿದ್ದು ಒಂದೇ ಒಂದು ಪ್ಲೇಟು ಅಂತ! ನೀನು ಬೇಕಂತಲೇ ಮಾಡಿದ್ದು."

ಇಲ್ಲ ಅಂದೆ. ಸುಳ್ಳಲ್ಲ. ಆದರೆ ಆ ಮಾತಿಗೆ ಇನ್ನೊಂದು ಅರ್ಥ ಇದೆಯಾ ಎಂದು ನಾನು ಯೋಚಿಸಲೂ ಹೋಗಿರಲಿಲ್ಲ.

"ಅದು ನಮ್ಮವರ ಕೆಮ್ಮು," ಅಂದೆ.

ಯಜಮಾನರು ಸೂಜಿ ಎತ್ತಿದರು. "ಮೊದಲೇ ಹೇಳುದಲ್ವಾ?"

"ಹೇಳಿದ್ರೆ ಎಂತ ಮಾಡ್ತಿದ್ರಿ?"

ಯಜಮಾನರು ನಾಲ್ಕೂ ಪ್ಲೇಟು ಎತ್ತಿಕೊಂಡರು. ಮೂರನ್ನು ಒಡೆಯುವವನಿಗೆಂದು ಪಕ್ಕಕ್ಕಿಟ್ಟರು, ಒಂದನ್ನು ನನ್ನ ಕೈಗೆ ಕೊಟ್ಟರು. ನಾಳೆಯಿಂದ ಬರಬೇಡ ಅಂದರು.

ಹಿಂದಿನ ಬೀದಿಯ ಮೆಸ್ಸಿನಲ್ಲಿ ಹಿಟ್ಟು ರುಬ್ಬುವ ಕೆಲಸ ಸಿಕ್ಕಿತು. ಪ್ಲೇಟನ್ನು ಟ್ರಂಕಿನಲ್ಲಿ, ಸೀರೆಗಳ ನಡುವೆ ಇಟ್ಟೆ. ಹಾಕಲು ಮನೆಯಲ್ಲಿ ಗ್ರಾಮಫೋನು ಇರಲಿಲ್ಲ. ಕೇಳಬೇಕೆಂದು ಅನ್ನಿಸಲೂ ಇಲ್ಲ. ಒಡೆಯಬಾರದು, ಅಷ್ಟೇ.